ಕೇಳದೆ ಉಳಿಸಿದ ಚರ್ಮ

ಹಲಸೂರಿನ ನಮ್ಮ ಹಳೆಯ ಹೆಣ್ಣುಮಕ್ಕಳ ಪ್ರೌಢಶಾಲೆಯ ಗೇಟಿಗೆ ಕಳೆದ ಬೇಸಿಗೆಯಲ್ಲಿ ಒಂದು ಫ್ಲೆಕ್ಸ್ ಕಟ್ಟಿದ್ದರು. ಅಂದು ನಮ್ಮ ಪಿ.ಟಿ. ಮಿಸ್ ನಿವೃತ್ತರಾಗುವ ದಿನ. ‘ಕ್ಯಾನ್ಸರ್ ಗೆದ್ದ ವೀರವನಿತೆಗೆ ಭಾವಪೂರ್ಣ ಬೀಳ್ಕೊಡುಗೆ’ ಎಂಬ ದಪ್ಪಕ್ಷರಗಳ ಕೆಳಗೆ ಆಳೆತ್ತರದ ಚಿತ್ರ: ನೀಲಿ ಸೀರೆ, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ, ಕೊರಳಲ್ಲಿ ಕೆಂಪು ದಾರದ ಸೀಟಿ. ಮೂಲ ಚಿತ್ರವನ್ನು ತೆಗೆದವಳು ನಾನೇ. ಅದರಲ್ಲಿ ಅವರ ಬಲ ಎದೆ ಚಪ್ಪಟೆಯಾಗಿತ್ತು, ಏಕೆಂದರೆ ಅವರ ಬಲ ಎದೆ ಚಪ್ಪಟೆಯಾಗಿಯೇ ಇದೆ. ಫ್ಲೆಕ್ಸಿನಲ್ಲಿ ಮಾತ್ರ ಅಲ್ಲೊಂದು ಸ್ತನ ಮೂಡಿತ್ತು. ಶಿವಾಜಿನಗರದ ಮುದ್ರಣದಂಗಡಿಯ ಕಂಪ್ಯೂಟರಿನಲ್ಲಿ ಎಡಭಾಗವನ್ನು ಕತ್ತರಿಸಿ, ತಿರುವಿ, ಬಲಕ್ಕೆ ಅಂಟಿಸಿದ್ದರು. ಅವಸರದ ಕೆಲಸ. ಎದೆಯ ಜೊತೆಗೆ ಸೆರಗಿನ ಅಂಚೂ ತಿರುಗಿ ಬಂದು, ಎರಡೂ ಹೆಗಲಿನ ಮೇಲೆ ಒಂದೊಂದು ಸೆರಗು ಕುಳಿತಿತ್ತು.

ಮಿಸ್ ಗೇಟಿನ ಬಳಿ ನಿಂತು ತಲೆಯೆತ್ತಿ ನೋಡಿದರು. ಸಮಾರಂಭದ ಹೊಣೆ ಹೊತ್ತಿದ್ದ ಶಾಲಾ ಸಮಿತಿಯ ಕಾರ್ಯದರ್ಶಿ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು.

“ಯಾರ್ರೀ ಇವರು?” ಎಂದರು ಮಿಸ್.

“ಅಯ್ಯೋ, ನೀವೇ ಮೇಡಂ! ಹುಡುಗ ನೀಟಾಗಿ ಸೆಟ್ ಮಾಡಿದಾನೆ.”

“ನಾನು ಒಂದೇ ಸೆರಗು ಹಾಕೋದು.”

ಕಾರ್ಯದರ್ಶಿ ಪೆಚ್ಚಾಗಿ ನಕ್ಕರು. “ನಾಲ್ಕು ಜನ ನೋಡ್ತಾರಲ್ಲ ಮೇಡಂ. ನಿಮ್ಮ ಮರ್ಯಾದೆಗೇ ಅಂತ…”

ಆ ಅರ್ಧ ವಾಕ್ಯವೇ ನಾನಿದನ್ನು ಬರೆಯಲು ಕಾರಣ. ಮರ್ಯಾದೆಗೆ ಅಂತ, ಒಳ್ಳೆಯದಕ್ಕೆ ಅಂತ, ಮುಂದಕ್ಕೆ ಬೇಕಾಗಬಹುದು ಅಂತ. ಇವರ ಶರೀರದ ಬಗ್ಗೆ ಇವರನ್ನೊಬ್ಬರನ್ನು ಬಿಟ್ಟು ಮಿಕ್ಕೆಲ್ಲರೂ ತೀರ್ಮಾನ ತೆಗೆದುಕೊಂಡ ಕತೆಯಿದು. ಅವರ ಪೂರ್ತಿ ಬದುಕನ್ನು ಹೇಳುವ ಯೋಗ್ಯತೆಯಾಗಲಿ ಉದ್ದೇಶವಾಗಲಿ ನನಗಿಲ್ಲ. ಹೆಸರನ್ನೂ ಹೇಳುವುದಿಲ್ಲ; ಬರೆಯಲು ಒಪ್ಪಿದಾಗ ಅವರು ಹಾಕಿದ ಷರತ್ತು ಅದೊಂದೇ. “ಹೆಸರು ಹಾಕಿದ್ರೆ ನನ್ನ ಕತೆ ಆಗತ್ತೆ. ಹಾಕದೇ ಇದ್ರೆ ಓದೋವ್ರದ್ದೂ ಆಗ್ಬಹುದು,” ಎಂದಿದ್ದರು.

ನನಗೆ ಅವರು ಮೊದಲು ಕಂಡದ್ದು ಧ್ವನಿಯಾಗಿ. ಎಂಟನೇ ತರಗತಿಯ ಕಿಟಕಿಯಾಚೆ ಥ್ರೋಬಾಲ್ ಅಂಗಳ. ಅಲ್ಲಿಂದ ಬರುತ್ತಿದ್ದ ಆ ಕಂಠಕ್ಕೆ ಗಣಿತದ ಮಿಸ್ ಪಾಠ ನಿಲ್ಲಿಸಿ ಕಾಯುತ್ತಿದ್ದರು. ಥ್ರೋಬಾಲ್ ಸರಳವಾದ ಆಟ. ಎದುರು ತಂಡ ಬಲೆಯ ಮೇಲಿಂದ ಎಸೆದ ಚೆಂಡನ್ನು ಎರಡೂ ಕೈಯಲ್ಲಿ ಹಿಡಿಯಬೇಕು, ಮೈಗೆ ತಾಗಿಸಬಾರದು, ಹಿಡಿದ ಕೆಲವೇ ಕ್ಷಣಗಳಲ್ಲಿ ಒಂದು ಕೈಯಿಂದ ಹೆಗಲ ಮೇಲಿಂದ ಮರಳಿ ಎಸೆಯಬೇಕು. ಚೆಂಡು ಹಿಡಿದು ಯೋಚಿಸುತ್ತ ನಿಂತವಳಿಗೆ ಅವರ ಬೈಗುಳ ಸಿದ್ಧವಿರುತ್ತಿತ್ತು: “ಬಾಲ್ ಕೈಯಲ್ಲಿ ಇಟ್ಕೊಂಡು ಫಿಲಾಸಫಿ ಮಾಡ್ಬೇಡ ಕಣೇ, ಎಸಿ!” ನಾನು ಹೆಚ್ಚಾಗಿ ಫಿಲಾಸಫಿ ಮಾಡುತ್ತಿದ್ದವಳು. ಮುಂದೆ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಸೇರಿದಾಗ ಅವರು ಹೇಳಿದ್ದು, “ಸರಿಯಾದ ಜಾಗ ಸಿಕ್ತು ನಿಂಗೆ. ಅಲ್ಲಿ ಯಾರೂ ವಿಷಲ್ ಊದಲ್ಲ.”

ಅವರದೊಂದು ಪದ್ಧತಿಯಿತ್ತು. ಬೇರೆ ಯಾವ ಶಾಲೆಯ ಅಂಗಳದಲ್ಲೂ ನಾನದನ್ನು ಕಂಡಿಲ್ಲ. ಆಟ ಶುರುವಾಗುವ ಮುನ್ನ ಎರಡೂ ತಂಡದ ನಾಯಕಿಯರನ್ನು ಬಲೆಯ ಬಳಿ ಕರೆದು ನಿಯಮಗಳನ್ನು ಹೇಳಿ, “ಒಪ್ಪಿಗೆಯಾ?” ಎಂದು ಕೇಳುತ್ತಿದ್ದರು. ಹುಡುಗಿಯರು ತಲೆಯಾಡಿಸುತ್ತಿದ್ದರು.

“ತಲೆ ಕೋಲೆ ಬಸವನೂ ಆಡ್ಸತ್ತೆ. ಬಾಯಲ್ಲಿ ಹೇಳಿ.”

“ಒಪ್ಪಿಗೆ ಮಿಸ್.”

“ಕೇಳಿಸ್ಲಿಲ್ಲ.”

“ಒಪ್ಪಿಗೆ ಮಿಸ್!”

ಆಮೇಲೆ ಮಾತ್ರ ಸೀಟಿ. ಒಮ್ಮೆ ಜೀವನ್ ಬಿಮಾ ನಗರದ ಮೈದಾನದಲ್ಲಿ ಅಂತರಶಾಲಾ ಪಂದ್ಯ; ತೀರ್ಪುಗಾರರು ನಮ್ಮ ಮಿಸ್ಸೇ. ಮುಖ್ಯ ಅತಿಥಿ ಆಗಲೇ ಕೈಗಡಿಯಾರ ನೋಡಿಕೊಳ್ಳುತ್ತಿದ್ದರು. ಎದುರು ತಂಡದ ನಾಯಕಿ, ಒಂಬತ್ತನೇ ತರಗತಿಯ ಸಣಕಲು ಹುಡುಗಿ, ಬಾಯಿ ಬಿಡಲೇ ಇಲ್ಲ. ನಮ್ಮ ಮಿಸ್ ಸೀಟಿ ಊದಲೂ ಇಲ್ಲ. ಕಡೆಗೆ ಆ ಹುಡುಗಿ ಅವರ ಕಿವಿಯಲ್ಲಿ ಪಿಸುಗುಟ್ಟಿದಳು: ತಂಡದಲ್ಲೊಬ್ಬಳಿಗೆ ಶೂ ಇಲ್ಲ, ನೆಲ ಕಾದಿದೆ. ನಮ್ಮ ಕಡೆಯಿಂದ ಒಂದು ಜೋಡಿ ಶೂ ಹುಡುಕಿ ತರುವವರೆಗೆ ಎಲ್ಲರೂ ಬಿಸಿಲಲ್ಲಿ ಕಾದೆವು. “ಏನ್ ಮೇಡಂ ಇದು, ಗೆಸ್ಟ್ ಕಾಯ್ತಿದಾರೆ!” ಎಂದು ಆಯೋಜಕರು ರೇಗಿದರು. ಮಿಸ್ ಅಂದದ್ದು ಇಷ್ಟೇ: “ಗೆಸ್ಟ್ ಆಡಲ್ಲ ಸಾರ್. ಆಡೋಳು ಇವಳು.”

ಈ ಹೆಂಗಸಿಗೆ, ಆಡುವವಳನ್ನು ಕೇಳದೆ ಸೀಟಿ ಊದಬಾರದೆಂದು ಒಂದು ತಲೆಮಾರಿಗೆ ಕಲಿಸಿದ ಹೆಂಗಸಿಗೆ, ಆಸ್ಪತ್ರೆ ಏನು ಮಾಡಿತೆಂಬುದನ್ನು ಈಗ ಹೇಳುತ್ತೇನೆ.

ನಿವೃತ್ತಿಗೆ ಕೆಲವು ವರ್ಷ ಬಾಕಿಯಿದ್ದಾಗ ಅವರ ಬಲ ಸ್ತನದಲ್ಲಿ ಗಂಟು ಕಾಣಿಸಿತು. ಪರೀಕ್ಷೆಗಳಾದವು, ಸ್ತನವನ್ನು ಪೂರ್ತಿ ತೆಗೆಯಬೇಕು, ಆಮೇಲೆ ವಿಕಿರಣ ಚಿಕಿತ್ಸೆಯೂ ಬೇಕಾಗುತ್ತದೆ ಎಂದರು. ಅವರು ಮದುವೆಯಾದವರಲ್ಲ. ರಾಮಮೂರ್ತಿ ನಗರದಲ್ಲಿ ತಮ್ಮನ ಕಟ್ಟಡದ ಮೇಲಿನ ಮಹಡಿಯಲ್ಲಿ ಒಬ್ಬರೇ ಇದ್ದರು. ಆ ಕಟ್ಟಡ ನಿಂತಿರುವ ಜಾಗದಲ್ಲಿ ಒಂದು ಕಾಲಕ್ಕೆ ಅವರಪ್ಪ ರಾಗಿ ಬೆಳೆಯುತ್ತಿದ್ದರು. ಈಗ ಅಲ್ಲಿ ಬಾಡಿಗೆಯ ಕೋಣೆಗಳು ಬೆಳೆದಿವೆ. ಆಸ್ಪತ್ರೆಗೆ ಜೊತೆಗೊಬ್ಬರು ಬರಲೇಬೇಕೆಂಬ ನಿಯಮವಿತ್ತು. ಅವರು ನನಗೆ ಫೋನ್ ಮಾಡಿದರು: “ನಿಂಗೆ ಓದೋದು ಬಿಟ್ರೆ ಬೇರೆ ಕೆಲಸ ಇಲ್ವಲ್ಲ. ಬಾ.” ಟಿನ್ ಫ್ಯಾಕ್ಟರಿ ಬಸ್ ನಿಲ್ದಾಣದ ನೂಕುನುಗ್ಗಲಿನಲ್ಲಿ ಸೇರಿಕೊಂಡು ಒಂದೇ ಬಸ್ಸಿನಲ್ಲಿ ಹೋದೆವು.

ಆಸ್ಪತ್ರೆಯ ಗೋಡೆಯ ಮೇಲೊಂದು ಭಿತ್ತಿಚಿತ್ರವಿತ್ತು. ನಗುವ ಹೆಂಗಸು, ಹಿಂದೆ ಸೂರ್ಯೋದಯ, ಕೆಳಗೆ ‘ನಿಮ್ಮ ಹೆಣ್ತನವನ್ನು ಮರಳಿ ಪಡೆಯಿರಿ’ ಎಂಬ ಬರಹ. ಮಿಸ್ ಅದನ್ನು ಓದಿ ನನ್ನತ್ತ ತಿರುಗಿದರು. “ನಂದು ಎಲ್ಲಿ ಕಳೆದ್ಹೋಗಿದೆ ಅಂತ ಇವರಿಗೆ ಹೇಗೆ ಗೊತ್ತಾಯ್ತು?”

ಶಸ್ತ್ರವೈದ್ಯರು ಕೆಟ್ಟವರಲ್ಲ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಕೆಟ್ಟವರ ಮೇಲೆ ಸಿಟ್ಟಾಗುವುದು ಸುಲಭ. ಮೃದು ಮಾತಿನ ನಡುವಯಸ್ಸಿನ ಮನುಷ್ಯ, ಕೈ ತೊಳೆದು ಒರೆಸಿಕೊಂಡು ಬಂದು ನಮ್ಮೆದುರು ಕುಳಿತರು. ಸ್ತನವನ್ನು ತೆಗೆದ ಮೇಲೆ ಆ ಜಾಗದಲ್ಲಿ ಮತ್ತೆ ಕಟ್ಟಬಹುದು ಎಂದರು. ಪರದೆಯ ಮೇಲೆ ಚಿತ್ರಗಳನ್ನು ತೋರಿಸಿದರು, ಎಲ್ಲವೂ ಕತ್ತಿನಿಂದ ಕೆಳಗಿನವು. ಒಂದು, ಸಿಲಿಕಾನಿನ ಚೀಲ ಇಡುವುದು. ಶಸ್ತ್ರಕ್ರಿಯೆ ಚಿಕ್ಕದು, ಆದರೆ ವಿಕಿರಣ ತಗುಲಿದ ಚರ್ಮದಡಿ ಅದು ಗಡುಸಾಗಬಹುದು, ವರ್ಷಗಳ ಮೇಲೆ ಬದಲಿಸಬೇಕಾಗಬಹುದು. ಇನ್ನೊಂದು, ಬೆನ್ನಿನ ಅಗಲವಾದ ಸ್ನಾಯುವನ್ನು ಕಂಕುಳಡಿಯಿಂದ ಮುಂದಕ್ಕೆ ತಿರುಗಿಸಿ ತರುವುದು. ಮತ್ತೊಂದು, ಹೊಟ್ಟೆಯ ಕೆಳಭಾಗದ ಕೊಬ್ಬನ್ನೂ ಚರ್ಮವನ್ನೂ ತೆಗೆದು ಅದರಿಂದ ಕಟ್ಟುವುದು. ದೀರ್ಘ ಶಸ್ತ್ರಕ್ರಿಯೆ, ಚೇತರಿಕೆಗೂ ಹೆಚ್ಚು ಸಮಯ.

“ಟೂ ಇನ್ ಒನ್ ಮೇಡಂ. ಹೊಟ್ಟೆನೂ ಕರಗತ್ತೆ,” ಎಂದು ನಕ್ಕರು. “ನೀವು ಸ್ಪೋರ್ಟ್ಸ್‌ನವರು, ಬಾಡಿ ಫಿಟ್ ಇದೆ. ಐಡಿಯಲ್ ಕ್ಯಾಂಡಿಡೇಟ್.”

ಮಿಸ್ ಎಲ್ಲವನ್ನೂ ಕೇಳಿಸಿಕೊಂಡರು. “ಇನ್ನೊಂದು ಇದೆಯಲ್ಲ ಡಾಕ್ಟ್ರೇ. ಏನೂ ಕಟ್ಟದೆ, ನೀಟಾಗಿ ಚಪ್ಪಟೆ ಹೊಲಿಯೋದು.”

“ಅದು ಆಪ್ಷನ್ ಅಲ್ಲ ಮೇಡಂ. ಅದು… ಆಪ್ಷನ್ ಬೇಡ ಅನ್ನೋದು.”

“ಟಾಸ್ ಗೆದ್ದು ಸರ್ವ್ ಬಿಟ್ಕೊಟ್ರೂ ಟಾಸ್ ಗೆದ್ದಂಗೇ ಡಾಕ್ಟ್ರೇ.”

ವೈದ್ಯರು ಮತ್ತೆ ನಕ್ಕರು, ಹಟ ಹಿಡಿದ ಮಗುವಿನೆದುರು ನಗುವ ಹಾಗೆ. “ಟೈಮ್ ತಗೊಳ್ಳಿ. ಮನೇಲಿ ಮಾತಾಡಿ.”

ಅವರು ಮನೆಯಲ್ಲಿ ಮಾತಾಡಲಿಲ್ಲ. ಭಾನುವಾರ ನನ್ನನ್ನು ಶಾಲೆಯ ಅಂಗಳಕ್ಕೆ ಕರೆದರು. ಯಾವ ನಿಯಮವನ್ನೂ ನೆಲದ ಮೇಲೆ ಪರೀಕ್ಷಿಸದೆ ಒಪ್ಪದವರು ಅವರು. ಬುಟ್ಟಿಯಿಂದ ಚೆಂಡೊಂದನ್ನು ತೆಗೆದು, ಬೆನ್ನು ತಿರುಗಿಸಿ ನಿಂತು, “ಬಲಗಡೆ, ಕಂಕುಳ ಕೆಳಗೆ, ಬೆರಳಿಡು,” ಎಂದರು. ಇಟ್ಟೆ. ಅವರು ಎಸೆದರು. ನನ್ನ ಬೆರಳಡಿಯಲ್ಲಿ ಏನೋ ಹಾವಿನಂತೆ ಎದ್ದು, ಬಿಗಿದು, ಸಡಿಲಾಯಿತು. ಚೆಂಡು ಅಂಗಳದ ತುದಿಯ ಗೋಡೆಗೆ ಬಡಿದು ನೆಗೆಯಿತು.

“ಗೊತ್ತಾಯ್ತಾ? ಅದನ್ನೇ ಮುಂದಕ್ಕೆ ತಂದು ಇಡ್ತಾರಂತೆ. ನೋಡೋಕೆ ಚೆನ್ನಾಗೇ ಇರತ್ತೆ. ಆಮೇಲೆ ಎಸೆಯೋದು ಯಾರು?”

“ಸ್ವಲ್ಪ ಶಕ್ತಿ ಕಮ್ಮಿಯಾಗಬಹುದು, ದಿನಾ ಕೆಲಸಕ್ಕೆ ಏನೂ ತೊಂದ್ರೆ ಇಲ್ಲ ಅಂದ್ರಲ್ಲ ಮಿಸ್, ಡಾಕ್ಟ್ರು.”

“ನನ್ನ ದಿನಾ ಕೆಲಸ ಯಾವುದು ಅಂತ ಕೇಳಿದ್ರಾ ಅವರು?”

ಕೇಳಿರಲಿಲ್ಲ. ನಾನು ಆ ಕೋಣೆಯಲ್ಲೇ ಇದ್ದೆ. ಕಾಯಿಲೆಯ ವಿವರ ಕೇಳಿದ್ದರು, ಹಳೆಯ ಔಷಧಗಳನ್ನು ಕೇಳಿದ್ದರು, ಮದುವೆಯಾಗಿದೆಯೇ ಎಂದು ಕೇಳಿದ್ದರು. ಆ ಬಲಗೈ ದಿನವಿಡೀ ಏನು ಮಾಡುತ್ತದೆಂದು ಯಾರೂ ಕೇಳಲಿಲ್ಲ. ಆಮೇಲೆ ಮಿಸ್ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಒಂದೆರಡು ಸಲ ನೆಗೆದರು, ತಮ್ಮಷ್ಟಕ್ಕೆ ಲೆಕ್ಕ ಹಾಕಿದರು. “ಇದೂ ಬೇಡ. ಚೀಲನೂ ಬೇಡ, ಒಳಗೊಂದು ಸಾಮಾನು ಇಟ್ಕೊಂಡು ಅದನ್ನ ಕಾಯ್ತಾ ಕೂರಕ್ಕೆ ನಂಗಾಗಲ್ಲ. ಚಪ್ಪಟೆ ಇರ್ಲಿ. ಮೈದಾನದ ಥರ.” ತೀರ್ಮಾನ ಮುಗಿದಿತ್ತು. ಅದರಲ್ಲಿ ತ್ಯಾಗವಿರಲಿಲ್ಲ, ವೈರಾಗ್ಯವಿರಲಿಲ್ಲ. ತನ್ನ ಮೈಯನ್ನು ಬಲ್ಲವಳೊಬ್ಬಳು ತನಗೆ ಬೇಕಾದ್ದನ್ನು ಆರಿಸಿಕೊಂಡಿದ್ದಳು.

ತಮ್ಮನಿಗೆ ಇದು ಹಿಡಿಸಲಿಲ್ಲ. ಅವನ ಮಗಳ ಮದುವೆ ಗೊತ್ತಾಗಿತ್ತು. ನಾನು ಮಿಸ್ ಮನೆಯಲ್ಲಿ ಕಾಫಿ ಕುಡಿಯುತ್ತಿರುವಾಗಲೇ ಮಾತು ಬಂತು.

“ಅಕ್ಕ, ಡಾಕ್ಟ್ರೇ ಮಾಡ್ಸಿ ಅಂತಾವ್ರೆ. ಮದ್ವೆ ಮನೇಲಿ ಜನ ನೋಡಲ್ವಾ?”

“ನೋಡ್ಲಿ ಬಿಡೋ. ಊಟ ಹಾಕ್ತೀಯಲ್ಲ, ಊಟ ನೋಡ್ಕೊಳ್ಳಲಿ.”

“ತಮಾಷೆ ಅಲ್ಲ ಅಕ್ಕ. ನಾಳೆ ನಿಂಗೇ ಅನ್ಸುತ್ತೆ, ಮಾಡಿಸ್ಕೋಬೇಕಿತ್ತು ಅಂತ.”

“ನಾಳೆ ಅನ್ಸಿದ್ರೆ ನಾಳೆ ಹೇಳ್ತೀನಿ. ಇವತ್ತಿಂದು ಹೇಳಿದೀನಲ್ಲ.”

ಆತ ಕಾಫಿ ಲೋಟಗಳನ್ನೆತ್ತಿಕೊಂಡು ಒಳಗೆ ಹೋದ. ಅಕ್ಕನ ಮೇಲೆ ಪ್ರೀತಿಯಿಲ್ಲದವನಲ್ಲ. ಗಂಟಿನ ಸುದ್ದಿ ಕೇಳಿದ ದಿನ ಮೆಟ್ಟಿಲ ಮೇಲೆ ಕುಳಿತು ಅತ್ತವನು. ಆದರೆ ಪ್ರೀತಿಯಿರುವವರಿಗೆ ಕೇಳುವ ಹೊಣೆಯಿಲ್ಲವೆಂದು ನಮ್ಮಲ್ಲಿ ಯಾರು ತೀರ್ಮಾನಿಸಿದರೋ ನಾನರಿಯೆ.

ಅದೇ ದಿನಗಳಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಭಾಗ್ಯಶ್ರೀ ಸಿಕ್ಕಳು. ಯಾದಗಿರಿ ಕಡೆಯವಳು, ಮೂವತ್ತರ ಆಸುಪಾಸು, ಎರಡು ಮಕ್ಕಳ ತಾಯಿ. ರಾಮಮೂರ್ತಿ ನಗರದಲ್ಲೇ ಬಾಡಿಗೆ ಕೋಣೆ, ಇಂದಿರಾನಗರದ ಕಚೇರಿಯೊಂದರಲ್ಲಿ ನೆಲ ಒರೆಸುವ ಕೆಲಸ. ಬಡವರ ಯೋಜನೆಯ ಕಾರ್ಡು ಹಿಡಿದು ಅದೇ ವೈದ್ಯರ ಬಳಿ ಬಂದಿದ್ದಳು. ಅವಳದೂ ಪೂರ್ತಿ ತೆಗೆಯಬೇಕಿತ್ತು. ಮಿಸ್ ಅವಳೊಂದಿಗೆ ಮಾತಿಗಿಳಿದು, “ಆಮೇಲೆ ಏನು ಮಾಡಿಸ್ಕೋತೀಯಮ್ಮ?” ಎಂದು ಸಹಜವಾಗಿ ಕೇಳಿದರು.

“ಆಮ್ಯಾಗ ಏನ್ರಿ ಯಕ್ಕಾ? ತಗದು ಕಳಸ್ತಾರ, ಹೋಗೂದು.”

“ಮತ್ತೆ ಕಟ್ಟಬಹುದು ಅಂತ ಹೇಳ್ಲಿಲ್ವಾ?”

ಭಾಗ್ಯಶ್ರೀ ನನ್ನ ಮುಖ ನೋಡಿದಳು, ಮಿಸ್ ಮುಖ ನೋಡಿದಳು. “ಹಂಗೂ ಮಾಡ್ತಾರೇನ್ರಿ? ನನಗ ಯಾರೂ ಹೇಳೇ ಇಲ್ರಿ.”

ಒಂದೇ ಆಸ್ಪತ್ರೆ. ಒಂದೇ ಕಾಯಿಲೆ. ಒಬ್ಬರೇ ವೈದ್ಯರು. ಬೇಡವೆಂದವರ ಎಲೆಗೆ ಬಡಿಸಿದರು, ಬೇಕೆನ್ನಬಹುದಾದವಳಿಗೆ ಎಲೆಯನ್ನೇ ಹಾಕಲಿಲ್ಲ. ವಿಮೆಯಿರುವ ಶಿಕ್ಷಕಿಯ ಶರೀರಕ್ಕೆ ಚಿತ್ರಗಳೂ ಪರದೆಯೂ ಅರ್ಧ ಗಂಟೆಯ ಮಾತೂ ದಕ್ಕಿದವು. ಕಾರ್ಡು ಹಿಡಿದವಳ ಶರೀರಕ್ಕೆ ಒಂದು ತಾರೀಖು ದಕ್ಕಿತು. ಮಿಸ್ ಎದ್ದವರೇ ವೈದ್ಯರ ಬಾಗಿಲು ತಟ್ಟಿದರು. ನಾನೂ ಹಿಂದೆಯೇ ಒಳಗೆ ಹೋದೆ. ವೈದ್ಯರು ತಾಳ್ಮೆಯಿಂದಲೇ ಉತ್ತರಿಸಿದರು: “ನೋಡಿ ಮೇಡಂ, ಆಕೆಗೆ ಟ್ರೀಟ್‌ಮೆಂಟ್ ಮುಗಿಸೋದೇ ಕಷ್ಟ. ಅದರಲ್ಲಿ ಇದೆಲ್ಲ ಹೇಳಿ ಗೊಂದಲ ಮಾಡೋದು ಯಾಕೆ?”

“ಗೊಂದಲ ಅವಳದ್ದು. ಅವಳಿಗೆ ಕೊಡಿ. ನೀವ್ಯಾಕೆ ಇಟ್ಕೊಂಡಿದೀರಾ?”

ಆ ವಾಕ್ಯ ನನಗೆ ಇಂದಿಗೂ ಪಾಠ. ನನ್ನ ಸಂಶೋಧನೆಯ ಪುಟಗಳಲ್ಲಿ ಒಪ್ಪಿಗೆ, ಸ್ವಾಯತ್ತತೆ ಎಂದು ಬರೆದು ಬರೆದು ನಾನು ಹೇಳಲಾಗದ್ದನ್ನು ಅವರು ವೈದ್ಯರೆದುರು ನಿಂತು ಹೇಳಿ ಮುಗಿಸಿದರು. ವೈದ್ಯರು ಭಾಗ್ಯಶ್ರೀಯನ್ನು ಕರೆಸಿದರು, ಎಲ್ಲವನ್ನೂ ವಿವರಿಸಿದರು. ಅವಳು ಆ ದಿನ ತೀರ್ಮಾನ ಹೇಳಲಿಲ್ಲ. “ಮನ್ಯಾಗ ಕುಂತು ವಿಚಾರ ಮಾಡ್ತೀನ್ರಿ,” ಎಂದಳು. ವಿಚಾರ ಮಾಡಲು ಈಗ ಅವಳಿಗೆ ಏನಾದರೂ ಇತ್ತು.

ಮಿಸ್ ಶಸ್ತ್ರಕ್ರಿಯೆಯ ಹಿಂದಿನ ದಿನ ವೈದ್ಯರಿಗೆ ನನ್ನೆದುರೇ ಮತ್ತೊಮ್ಮೆ ಹೇಳಿದರು: “ಚಪ್ಪಟೆ. ಮಿಕ್ಕಿದ ಚರ್ಮ ಇಲ್ಲದೆ, ನೀಟಾಗಿ.” ವೈದ್ಯರು ತಲೆಯಾಡಿಸಿದರು. ಮಿಸ್ ‘ಬಾಯಲ್ಲಿ ಹೇಳಿ’ ಎನ್ನಲು ಹೊರಟಿದ್ದರೋ ಏನೋ. ಅಷ್ಟರಲ್ಲಿ ನರ್ಸ್ ರಕ್ತ ತೆಗೆಯಲು ಬಂದಳು.

ಪಟ್ಟಿ ಬಿಚ್ಚಿದ ದಿನ ನಾನು ಹಾಸಿಗೆಯ ಪಕ್ಕದಲ್ಲಿದ್ದೆ. ಬಲ ಎದೆಯಲ್ಲಿ ಸ್ತನವಿರಲಿಲ್ಲ. ಚಪ್ಪಟೆಯೂ ಇರಲಿಲ್ಲ. ಹೊಲಿಗೆಯ ಗೆರೆಯ ಮೇಲೆ ಕಂಕುಳವರೆಗೆ ಸಡಿಲ ಚರ್ಮದ ಮಡಿಕೆಗಳು ಜೋತುಬಿದ್ದಿದ್ದವು, ಗಾಳಿ ಹೋದ ಚೆಂಡಿನಂತೆ. ಮಿಸ್ ಬಹಳ ಹೊತ್ತು ನೋಡಿದರು.

“ಇದೇನಿದು?”

“ಸ್ವಲ್ಪ ಸ್ಕಿನ್ ಉಳಿಸಿದೀನಿ ಮೇಡಂ,” ಎಂದರು ವೈದ್ಯರು, ಉಪಕಾರ ಮಾಡಿದ ದನಿಯಲ್ಲಿ. “ಮುಂದೆ ಮನಸ್ಸು ಬದಲಾದ್ರೆ ರಿಕನ್‌ಸ್ಟ್ರಕ್ಷನ್‌ಗೆ ಬೇಕಾಗತ್ತೆ. ನಿಮ್ಮ ಬ್ರದರ್ ಕೂಡ ಹಾಗೇ ಅಂದ್ರು, ಕಾರಿಡಾರಲ್ಲಿ ಸಿಕ್ಕಿದ್ದಾಗ.”

“ನನ್ನ ತಮ್ಮನ ಎದೇನಾ ಡಾಕ್ಟ್ರೇ ಇದು?”

ಬಾಗಿಲ ಬಳಿ ನಿಂತಿದ್ದ ತಮ್ಮ ತನ್ನ ಚಪ್ಪಲಿ ನೋಡಿಕೊಂಡ.

ಇಲ್ಲಿ ನಿಲ್ಲಿಸಿ ಕೇಳಬೇಕಾಗಿದೆ. ಎಚ್ಚರವಿದ್ದ ಹೆಂಗಸು ಬೇಡವೆಂದದ್ದನ್ನು, ಅವಳು ಅರಿವಳಿಕೆಯಲ್ಲಿ ಮಲಗಿದ ಮೇಲೆ ಬೇಕೆಂದುಕೊಳ್ಳುವ ಅಧಿಕಾರ ಯಾವ ಪದವಿಯಿಂದ ಬರುತ್ತದೆ? ಅರುವತ್ತರ ಹತ್ತಿರದ ಶಿಕ್ಷಕಿಯ ಇಂದಿನ ಮಾತಿಗಿಂತ ಅವಳ ನಾಳಿನ ಕಲ್ಪಿತ ಮನಸ್ಸು ಯಾಕೆ ಹೆಚ್ಚು ನಂಬಲರ್ಹವಾಯಿತು? ಗಂಡಸೊಬ್ಬನು ಕಾರಿಡಾರಿನಲ್ಲಿ ಆಡಿದ ಒಂದು ಮಾತು, ಹೆಣ್ಣೊಬ್ಬಳು ಎದುರು ಕುಳಿತು ಮತ್ತೆ ಮತ್ತೆ ಆಡಿದ ಮಾತನ್ನು ಹೇಗೆ ಅಳಿಸಿತು? ಸ್ತನವನ್ನು ಮತ್ತೆ ಕಟ್ಟಿಸಿಕೊಳ್ಳುವುದು ಶೋಕಿಯಲ್ಲ. ಬೇಕೆಂದವರಿಗೆ ಅದು ಸಿಗಲೇಬೇಕು, ಕೇಳದಿದ್ದರೂ ಅದರ ಮಾಹಿತಿ ಸಿಗಬೇಕು. ಬೇಡವೆನ್ನುವುದೂ ಅಷ್ಟೇ ಪೂರ್ಣವಾದ ಆಯ್ಕೆ. ಅದನ್ನು ಅರೆಮನಸ್ಸಿನಿಂದ ಮಾಡಿ ಬಾಗಿಲನ್ನು ಓರೆ ತೆರೆದಿಟ್ಟು ಹೋಗುವುದನ್ನು ಮುಂದಾಲೋಚನೆ ಎನ್ನಲಾಗದು. ಅದು ಅವಳ ಮಾತಿನ ಮೇಲಿನ ಅವಿಶ್ವಾಸ, ಅದೂ ಚರ್ಮದಲ್ಲಿ ಹೊಲಿದಿಟ್ಟ ಅವಿಶ್ವಾಸ.

“ಖಾಲಿ ಜೇಬು ಕಣೇ ಇದು,” ಎನ್ನುತ್ತಿದ್ದರು ಮಿಸ್. “ಇವತ್ತಲ್ಲ ನಾಳೆ ಏನಾದ್ರೂ ಹಾಕ್ಕೋತೀನಿ ಅಂತ ಎಲ್ಲರೂ ಕಾಯ್ತಿದಾರೆ.” ಬೇಸಿಗೆಯಲ್ಲಿ ಆ ಮಡಿಕೆಗಳಡಿ ಬೆವರು ನಿಂತು ಚರ್ಮ ಕೆಂಪಗಾಗುತ್ತಿತ್ತು. ಕೈಯೆತ್ತಿದರೆ ಉಜ್ಜುತ್ತಿತ್ತು. ರವಿಕೆಯ ಕೆಳಗೆ ಮೆತ್ತನೆ ಬಟ್ಟೆ ಮಡಿಸಿಟ್ಟುಕೊಂಡು ಅಂಗಳಕ್ಕಿಳಿಯುತ್ತಿದ್ದರು, ಎಡಗೈಯಲ್ಲಿ ಎಸೆದು ತೋರಿಸುತ್ತಿದ್ದರು. ಹುಡುಗಿಯರು ನಕ್ಕರೆ, “ನಿಮಗೆ ಇದು ಸಾಕು,” ಎನ್ನುತ್ತಿದ್ದರು.

ಆಸ್ಪತ್ರೆಯ ಅಹವಾಲು ವಿಭಾಗಕ್ಕೆ ನಾವು ಹೋಗಿ ಕುಳಿತದ್ದನ್ನು ವಿವರಿಸಿದರೆ ಓದುಗರು ನಗಬಹುದು. ಮಿಕ್ಕ ಚರ್ಮವನ್ನು ತೆಗೆಯಲು ವಿಮೆ ಅನ್ವಯಿಸುವುದಿಲ್ಲವಂತೆ, ಏಕೆಂದರೆ ಅದು ಸೌಂದರ್ಯಕ್ಕೆ ಸಂಬಂಧಿಸಿದ್ದು. ಮೇಜಿನಾಚೆಯ ಯುವಕ ಇದನ್ನು ಮುಖ ಬಿಗಿಹಿಡಿದು ಹೇಳಿದ.

“ಕೇಳದೆ ಬಿಟ್ಟಿದ್ದು ಟ್ರೀಟ್‌ಮೆಂಟು. ಕೇಳಿ ತೆಗ್ಸಿದ್ರೆ ಬ್ಯೂಟಿ ಪಾರ್ಲರು. ಹಂಗಾ?” ಎಂದರು ಮಿಸ್.

“ನಿಮ್ಮ ಫೀಲಿಂಗ್ಸ್ ಅರ್ಥ ಆಗತ್ತೆ ಮೇಡಂ.”

“ಫೀಲಿಂಗ್ಸ್ ಅಲ್ಲಪ್ಪ, ಚರ್ಮ.”

ನಾನು ಪತ್ರಿಕೆಗೆ ಬರೆಯುತ್ತೇನೆಂದೆ, ಮೊಕದ್ದಮೆ ಹೂಡೋಣವೆಂದೆ. ಅವರು ನನ್ನನ್ನು ತಡೆಯಲಿಲ್ಲ, ಹುರಿದುಂಬಿಸಲೂ ಇಲ್ಲ. ಅವರಿಗೆ ಬೇರೆಯದೇ ಹಟವಿತ್ತು: ತಪ್ಪು ಮಾಡಿದ ಕೈಯೇ ಅದನ್ನು ತಿದ್ದಬೇಕು. ಬೇರೆ ಆಸ್ಪತ್ರೆಗೆ ಹೋಗೋಣವೆಂದರೆ ಒಪ್ಪಲಿಲ್ಲ. “ಫೌಲ್ ಮಾಡಿದೋರು ಇಲ್ಲಿದಾರೆ. ನಾನ್ಯಾಕೆ ಬೇರೆ ಮೈದಾನಕ್ಕೆ ಹೋಗ್ಲಿ?” ವಿಕಿರಣ ಮುಗಿದು ಚರ್ಮ ಸುಧಾರಿಸಲು ತಿಂಗಳುಗಟ್ಟಲೆ ಕಾಯಬೇಕಾಯಿತು. ಆ ಅವಧಿಯಲ್ಲಿ ಪ್ರತಿ ತಪಾಸಣೆಗೂ ಹೋಗಿ ವೈದ್ಯರೆದುರು ಕುಳಿತು ಅದನ್ನೇ ಕೇಳಿದರು. ಕಡೆಗೊಂದು ದಿನ ವೈದ್ಯರು, ಆಸ್ಪತ್ರೆಯ ಖರ್ಚಿನಲ್ಲೇ ಮಾಡಿಕೊಡುವಂತೆ ನೋಡುತ್ತೇನೆ ಎಂದರು.

ಈ ನಡುವೆ ಭಾಗ್ಯಶ್ರೀಯ ಚಿಕಿತ್ಸೆ ಮುಗಿದಿತ್ತು. ಕಾರ್ಡಿನ ಮೇಲೆ ಮಂಜೂರಾತಿಗಾಗಿ ಬಹಳ ಅಲೆದಾಡಿದ ನಂತರ ಅವಳು ಹೊಟ್ಟೆಯ ಭಾಗದಿಂದ ಕಟ್ಟಿಸಿಕೊಂಡಳು. ಶಸ್ತ್ರಕ್ರಿಯೆಗೆ ಮುಂಚೆ ಆ ತೀರ್ಮಾನವನ್ನು ಹೇಳಲು ಮಿಸ್ ಮನೆಗೆ ಬಂದಿದ್ದಳು. ಗಂಡನಿಗೂ ಅನಂತರವೇ ಹೇಳಿದಳಂತೆ.

“ನಿಮಗ ಹೊಟ್ಟಿ ಹಾರಾಕ, ಚೆಂಡ ಒಗ್ಯಾಕ ಬೇಕ್ರಿ ಯಕ್ಕಾ. ನನ್ನ ಹೊಟ್ಟಿ ಇನ್ನ ಎದಕ್ಕ ಬೇಕ್ರಿ? ಎರಡು ಹಡದಾಗ್ಯದ. ಈಗರ ನನ್ನ ಸಲುವಾಗಿ ದುಡೀಲಿ.”

ಮಿಸ್ ನಕ್ಕು ನಕ್ಕು ಕಣ್ಣೊರೆಸಿಕೊಂಡರು. “ಬಹಳ ದಿನ ಭಾರ ಎತ್ತೋ ಹಾಗಿಲ್ಲ, ಗೊತ್ತಲ್ಲ? ಎಲ್ಲ ಕೇಳ್ಕೊಂಡಿದೀಯಾ?”

“ಎಲ್ಲಾ ಕೇಳೀನ್ರಿ. ನಿಮ್ಮಂಗ ಬಾಯಿ ಮಾಡೇ ಕೇಳೀನಿ.”

ಒಬ್ಬಳು ಕಟ್ಟಿಸಿಕೊಂಡಳು, ಒಬ್ಬರು ಬೇಡವೆಂದರು. ಇಬ್ಬರ ನಡುವೆ ಯಾವ ವಾದವೂ ನಡೆಯಲಿಲ್ಲ. ಯಾವುದು ಹೆಚ್ಚು ಧೀರ, ಯಾವುದು ಹೆಚ್ಚು ಹೆಣ್ತನದ್ದು ಎಂಬ ಚರ್ಚೆ ಭಿತ್ತಿಚಿತ್ರ ಅಂಟಿಸಿದವರದು, ಫ್ಲೆಕ್ಸ್ ಕಟ್ಟಿದವರದು. ಆ ಮನೆಯಲ್ಲಿ ಇಬ್ಬರು ಹೆಂಗಸರು ಕಡಲೆಕಾಯಿ ಬಿಡಿಸಿ ತಿನ್ನುತ್ತ, ಇವರ ಹೊಟ್ಟೆಯನ್ನು ಅವಳೂ ಅವಳದನ್ನು ಇವರೂ ಗೇಲಿ ಮಾಡುತ್ತ ಕುಳಿತಿದ್ದರು.

ಮತ್ತೆ ಆ ನಿವೃತ್ತಿಯ ದಿನಕ್ಕೆ ಬರುತ್ತೇನೆ. ಸಭೆಯಲ್ಲಿ ಭಾಷಣಗಳಾದವು. ನಗುನಗುತ್ತಾ ಕ್ಯಾನ್ಸರನ್ನು ಎದುರಿಸಿದರು ಎಂದರು ಒಬ್ಬರು. ಅವರು ನಗುನಗುತ್ತಾ ಎದುರಿಸಲಿಲ್ಲ; ಕೇಳಿ ಕೇಳಿ ಎದುರಿಸಿದರು. ಇನ್ನೊಬ್ಬರು ಅವರನ್ನು ತಾಳ್ಮೆಯ ಮೂರ್ತಿ ಎಂದಾಗ ಮಿಸ್ ನನ್ನತ್ತ ನೋಡಿ ಹುಬ್ಬೇರಿಸಿದರು. ತಮ್ಮ ಸರದಿ ಬಂದಾಗ ಮೈಕನ್ನು ಪಕ್ಕಕ್ಕೆ ಸರಿಸಿದರು. ಆ ಕಂಠಕ್ಕೆ ಅದು ಎಂದೂ ಬೇಕಾಗಿರಲಿಲ್ಲ.

“ಗೇಟಲ್ಲಿ ಒಂದು ಫ್ಲೆಕ್ಸ್ ಇದೆ. ಅದರಲ್ಲಿರೋರು ನಾನಲ್ಲ. ನಂಗೆ ಬಲಗಡೆ ಎದೆ ಇಲ್ಲ. ತೆಗ್ಸಿದೀನಿ, ಮತ್ತೆ ಕಟ್ಟಿಸ್ಕೊಂಡಿಲ್ಲ, ನಂಗೆ ಬೇಕಾಗಿರಲಿಲ್ಲ. ನಿಮ್ಮಲ್ಲಿ ಯಾರಿಗಾದ್ರೂ ಮುಂದೆ ಹೀಗಾದ್ರೆ, ಕಟ್ಟಿಸ್ಕೊಳ್ಳಿ, ಬಿಡಿ, ಅದು ನಿಮ್ಮಿಷ್ಟ. ಆದ್ರೆ ಬಾಯಲ್ಲಿ ಹೇಳಿ. ಕೇಳಿಸ್ಲಿಲ್ಲ ಅಂದ್ರೆ ಜೋರಾಗಿ ಹೇಳಿ.”

ಕಾರ್ಯದರ್ಶಿ ನೀರು ಕುಡಿದರು. ಸಭೆ ಮುಗಿದ ಮೇಲೆ ಹತ್ತನೇ ತರಗತಿಯ ಹುಡುಗಿಯರು ಏಣಿ ತಂದು ಫ್ಲೆಕ್ಸ್ ಬಿಚ್ಚಿದರು. ಹರಿದುಹಾಕಲು ಹೊರಟವರನ್ನು ಮಿಸ್ ತಡೆದರು. “ಹರೀಬೇಡ್ರೇ. ಹಿಂದಗಡೆ ಬಿಳಿ ಇದೆ, ಗಟ್ಟಿ ಮಾಲು. ಮಳೆಗೆ ಬಾಲ್ ಬುಟ್ಟಿ ಮುಚ್ಚೋಕೆ ಆಗತ್ತೆ.” ಅಲ್ಲಿಯೇ ಅದನ್ನು ಮಡಿಸಿ ಬುಟ್ಟಿಯ ಮೇಲೆ ಹೊದಿಸಿದರು, ಮುಖ ಒಳಗೆ ಮಾಡಿ.

ಆಮೇಲೆ ನಾವಿಬ್ಬರೂ ಅಂಗಳದಂಚಿನ ಕಲ್ಲುಬೆಂಚಿನ ಮೇಲೆ ಕುಳಿತೆವು. ನಾನು ಅವರನ್ನು ಬಹುದಿನಗಳಿಂದ ಕೇಳಬೇಕೆಂದಿದ್ದನ್ನು ಕೇಳಿದೆ. ಮಿಕ್ಕ ಚರ್ಮವನ್ನು ತೆಗೆದ ದಿನ ನನ್ನನ್ನು ಒಳಗೆ ಬಿಟ್ಟಿರಲಿಲ್ಲ. ಪೂರ್ತಿ ಅರಿವಳಿಕೆ ಬೇಡ, ಆ ಜಾಗವಷ್ಟೇ ಜೋಮು ಹಿಡಿಸಿದರೆ ಸಾಕು, ತಾನು ಎಚ್ಚರವಾಗಿರುತ್ತೇನೆ ಎಂದು ಅವರು ಪಟ್ಟು ಹಿಡಿದದ್ದು ಗೊತ್ತಿತ್ತು. ಒಳಗೆ ಏನಾಯಿತೆಂದು ಮಾತ್ರ ಅವರು ಹೇಳಿರಲಿಲ್ಲ.

“ಸೂಜಿ ಚುಚ್ಚಿದ್ರು. ಜೋಮು ಹಿಡೀತು. ಚಾಕು ತಗೊಂಡ್ರು. ‘ಶುರು ಮಾಡ್ಲಾ ಮೇಡಂ?’ ಅಂದ್ರು.”

“ಒಪ್ಪಿಗೆ ಅಂದ್ರಾ?”

“ಇಲ್ಲ. ಮೊದಲು ನಂದೊಂದು ಇದೆ ಅಂದೆ. ‘ನಿಮ್ಮ ಮುಂದೆ ಇನ್ನು ಯಾರೇ ಮಲಗ್ಲಿ, ಕಾರ್ಡಿರಲಿ, ವಿಮೆ ಇರ್ಲಿ, ಮದ್ವೆ ಆಗಿರ್ಲಿ, ಬಿಡ್ಲಿ. ಏನೇನು ಮಾಡಬಹುದು ಅಂತ ಎಲ್ಲಾನೂ ಅವಳಿಗೇ ಹೇಳ್ಬೇಕು. ಅವಳನ್ನೇ ಕೇಳ್ಬೇಕು. ಕಾರಿಡಾರಲ್ಲಿ ನಿಂತಿರೋರನ್ನಲ್ಲ. ಒಪ್ಪಿಗೆಯಾ?’ ಅಂದೆ.”

“ಏನಂದ್ರು?”

“ತಲೆ ಆಡ್ಸಿದ್ರು.”

ನಾನು ನಕ್ಕೆ. ಮಿಸ್ ನಗಲಿಲ್ಲ. ಕೊರಳಿನ ಕೆಂಪು ದಾರವನ್ನು ಬಿಚ್ಚಿ ಸೀಟಿಯನ್ನು ಅಂಗೈಯಲ್ಲಿ ಹಿಡಿದುಕೊಂಡಿದ್ದರು. ಅದನ್ನು ಹೊಸ ಪಿ.ಟಿ. ಮಿಸ್‌ಗೆ ಕೊಡಬೇಕಿತ್ತು.

“ಬಾಯಲ್ಲಿ ಹೇಳಿ ಡಾಕ್ಟ್ರೇ ಅಂದೆ. ಚಾಕು ಕೈಯಲ್ಲೇ ಇತ್ತು. ಮಾಸ್ಕ್ ಒಳಗಿಂದ, ಮೆಲ್ಲಗೆ, ಒಪ್ಪಿಗೆ ಅಂದ್ರು.”

“ಆಮೇಲೆ?”

“ಕೇಳಿಸ್ಲಿಲ್ಲ ಅಂದೆ.”